ನೀಲಿ ತಿಮಿಂಗಿಲ ಕೇಳುವುದಕ್ಕೆ ಕೊಂಡ ಹೆಡ್‌ಫೋನ್: ನಾಲ್ಕು ತಿಂಗಳ ಬಳಕೆಯ ನಂತರ

ಈ ಹೆಡ್‌ಫೋನನ್ನು ಹೆಚ್ಚಿನವರು ಹಾಡು ಕೇಳುವುದಕ್ಕೆ ಕೊಳ್ಳುತ್ತಾರೆ. ನಾನು ಕೊಂಡದ್ದು ನೀಲಿ ತಿಮಿಂಗಿಲದ ದನಿ ಕೇಳುವುದಕ್ಕೆ. ಹಾಡಿಗೆ ಹೇಗಿದೆ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಚೆನ್ನಾಗಿದೆ. ಗಾಯಕರ ಕಂಠ ಒಂದು ಹೆಜ್ಜೆ ಹಿಂದೆ ನಿಂತಂತೆ ಕೇಳಿಸುತ್ತದೆ, ತಬಲಾದ ಡಗ್ಗಾ ತುಂಬಿಕೊಂಡು ಬರುತ್ತದೆ. ಉಳಿದದ್ದೆಲ್ಲ ತಿಮಿಂಗಿಲದ ವಿಷಯ.

ಮುಂಬಯಿಯ ಅಂಧೇರಿಯ ಡಬ್ಬಿಂಗ್ ಸ್ಟುಡಿಯೋ ಒಂದರಲ್ಲಿ 22 ವರ್ಷಗಳಿಂದ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದೇನೆ. ಊರು ಅಂಕೋಲಾ, ಮನೆ ಡೊಂಬಿವಲಿ. ದೀಪಾವಳಿ ರಜೆಯಲ್ಲಿ ಒಂಬತ್ತನೆಯ ತರಗತಿಯ ಮಗಳು ಶಾಲೆಯ ಪ್ರಾಜೆಕ್ಟಿಗೆ ನೀಲಿ ತಿಮಿಂಗಿಲವನ್ನು ಆರಿಸಿಕೊಂಡಳು. ಒಂದು ಸಂಜೆ ಮೊಬೈಲಿನಲ್ಲಿ ಅದರ ದನಿ ಹಾಕಿ, “ಅಪ್ಪಾ, ಇಷ್ಟು ದೊಡ್ಡ ಪ್ರಾಣಿ ನಮ್ಮ ಕಿಟಕಿಯ ಪಾರಿವಾಳದ ಹಾಗೆ ಗೂಗೂ ಎನ್ನುತ್ತದಲ್ಲ?” ಎಂದಳು. ಕಿವಿಗೆ ಬಿದ್ದ ಕೂಡಲೇ ನನಗೆ ಗೊತ್ತಾಯಿತು, ಅದು ವೇಗ ಹೆಚ್ಚಿಸಿದ ಮುದ್ರಣ.

ಹೆಚ್ಚಿಸುವುದಕ್ಕೆ ಕಾರಣವಿದೆ. ನೀಲಿ ತಿಮಿಂಗಿಲದ ದನಿಯ ಬಹುಪಾಲು 10ರಿಂದ 40 ಹರ್ಟ್ಸ್ ಒಳಗೇ, ಅಂದರೆ ಸೆಕೆಂಡಿಗೆ 10ರಿಂದ 40 ಕಂಪನಗಳಲ್ಲೇ, ಇರುತ್ತದೆ. ನಮ್ಮ ಕಿವಿ ಶುರುವಾಗುವುದೇ 20ರ ಆಸುಪಾಸಿನಲ್ಲಿ. ಮೊಬೈಲಿನ ಸ್ಪೀಕರ್ ಅದರ ಹತ್ತಿರಕ್ಕೂ ಇಳಿಯುವುದಿಲ್ಲ. ಹಾಗಾಗಿ ಸಾಗರ, ಹವಾಮಾನ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾದಂಥವರು ಜನರಿಗೆ ಕೇಳಿಸಲೆಂದು ಮುದ್ರಣವನ್ನು ಹತ್ತು ಪಟ್ಟು ಓಡಿಸಿ ಇಟ್ಟಿದ್ದಾರೆ. ಅವರದು ತಪ್ಪೆನ್ನಲಾರೆ. ಆದರೆ ಆ ವೇಗದಲ್ಲಿ ಪ್ರಾಣಿ ಕಳೆದುಹೋಗುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ ಸ್ಟ್ಯಾನ್‌ಫರ್ಡ್‌ನ ಜೆರೆಮಿ ಗೋಲ್ಡ್‌ಬೋಗನ್ ಅವರ ತಂಡ ಉದ್ದನೆಯ ಕೋಲಿನಿಂದ ನೀಲಿ ತಿಮಿಂಗಿಲವೊಂದರ ಮೈಗೆ ರಬ್ಬರ್ ಬಟ್ಟಲುಗಳ ಸಣ್ಣ ಯಂತ್ರವನ್ನು ಅಂಟಿಸಿ ಅದರ ಹೃದಯದ ಬಡಿತವನ್ನು ದಾಖಲಿಸಿತು. ಮೇಲೆ ಉಸಿರಾಡುವಾಗ ನಿಮಿಷಕ್ಕೆ 37ರವರೆಗೆ ಏರುವ ಬಡಿತ, ಆಳಕ್ಕೆ ಮುಳುಗಿದಾಗ ಒಮ್ಮೊಮ್ಮೆ 2ಕ್ಕೆ ಇಳಿಯುತ್ತದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷ! ಅಂಥ ಜೀವದ 20 ಸೆಕೆಂಡಿನ ಸ್ವರವನ್ನು 2 ಸೆಕೆಂಡಿಗೆ ಹಿಂಡಿದರೆ ಏನು ಉಳಿಯಿತು? ಅದರ ದನಿಯನ್ನು ಅದರದೇ ನಡಿಗೆಯಲ್ಲಿ ಮಗಳಿಗೆ ಕೇಳಿಸಬೇಕು ಎಂದು ನಿಶ್ಚಯಿಸಿದೆ.

ಸ್ಟುಡಿಯೋದ ಹೆಡ್‌ಫೋನ್ ಮಾತಿಗೆಂದೇ ಇರುವಂಥದ್ದು, ಕೆಳಗಿನ ಸ್ವರಕ್ಕೆ ಬಾರದು. ಮರುದಿನ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಗ್ರಾಂಟ್ ರೋಡ್‌ನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ನಡೆದೆ. ಅಂಗಡಿಯವರು ಒಂದು ಸ್ಟೂಲ್ ಕೊಟ್ಟು, ಐದು ಡಬ್ಬಗಳನ್ನು ಬಿಚ್ಚಿಟ್ಟು, ಮುಕ್ಕಾಲು ಗಂಟೆ ನನ್ನ ಪಾಡಿಗೆ ನನ್ನನ್ನು ಬಿಟ್ಟರು. ಈ ತಾಳ್ಮೆಗೆ ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಐದೂ ಡಬ್ಬಗಳ ಮೇಲೆ “10 ಹರ್ಟ್ಸ್‌ನಿಂದ” ಎಂದೇ ಅಚ್ಚಾಗಿತ್ತು. ಈ ಅಂಕಿಯನ್ನು ನಂಬಬೇಡಿ. 10 ಹರ್ಟ್ಸ್‌ನಲ್ಲಿ ಎಷ್ಟು ಜೋರಾಗಿ, ಎಷ್ಟು ಶುದ್ಧವಾಗಿ ಎಂಬುದನ್ನು ಡಬ್ಬ ಹೇಳುವುದಿಲ್ಲ. ನಾನು 40ರಿಂದ ಶುರುಮಾಡಿ 30, 25, 20, 16 ಎಂದು ಒಂದೊಂದೇ ಶುದ್ಧ ಸ್ವರವನ್ನು ಇಳಿಸುತ್ತ ಹೋದೆ. ಒಂದು ದುಬಾರಿ ಜೋಡಿಯಲ್ಲಿ 16 ಹರ್ಟ್ಸ್ ಸೊಗಸಾಗಿ ಗುಂಯ್ ಎಂದಿತು. ಅನುಮಾನವಾಗಿ ಅದರ ಬಟ್ಟಲಿನೊಳಗೆ ಪುಟ್ಟ ಮೈಕ್ ಇಟ್ಟು ನೋಡಿದರೆ ಲ್ಯಾಪ್‌ಟಾಪ್ ತೆರೆಯ ಮೇಲೆ (ಒಂದು ಸ್ವರಕ್ಕೆ ಒಂದು ಗೆರೆ) 32ರಲ್ಲಿ ಒಂದು ಗೆರೆ, 48ರಲ್ಲಿ ಇನ್ನೊಂದು. ಹೆಡ್‌ಫೋನಿನೊಳಗೆ ನಡುಗಿ ಸದ್ದು ಹುಟ್ಟಿಸುವ ಪೊರೆ 16ಕ್ಕೆ ಸರಿಯಾಗಿ ನಡುಗಲಾರದೆ ತನ್ನದೇ ಸ್ವರ ಹುಟ್ಟಿಸುತ್ತಿತ್ತು. ನಾನು ಕೇಳಿದ್ದು ಆ ವಿಕಾರವನ್ನು. ತಿಮಿಂಗಿಲಕ್ಕೆ ಇದು ದೊಡ್ಡ ದೋಷ. ಏಕೆಂದರೆ ಕ್ಯಾಲಿಫೋರ್ನಿಯಾ ಕಡೆಯ ನೀಲಿ ತಿಮಿಂಗಿಲ ಸುಮಾರು 16ರಲ್ಲಿ ಎಳೆಯುವಾಗ ಅದರ ಮೂರು ಪಟ್ಟಿನ ಸ್ವರವೂ ಜೊತೆಗೆ ನಿಜವಾಗಿಯೇ ಇರುತ್ತದೆ. ಹೆಡ್‌ಫೋನ್ ತನ್ನದನ್ನು ಬೆರೆಸಿದರೆ ಯಾವುದು ಪ್ರಾಣಿಯದು, ಯಾವುದು ಪ್ಲಾಸ್ಟಿಕ್ಕಿನದು ಎಂದು ಬೇರ್ಪಡಿಸಲಾಗದು.

ನಾನು ಕೊಂಡ ಜೋಡಿಯಲ್ಲಿ 20 ಶುದ್ಧವಾಗಿ ಬಂತು. 16ಕ್ಕೆ ಇಳಿದಾಗ ಸದ್ದು ಹೋಗಿ ಒತ್ತಡ ಉಳಿಯಿತು, ಕಿವಿಯೊಳಗಿನ ಗಾಳಿಯನ್ನು ಯಾರೋ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡುತ್ತಿರುವಂತೆ. ಮೈಕ್‌ನಲ್ಲಿ ಒಂದೇ ಗೆರೆ. ₹6,400 ಹೇಳಿದರು, ₹6,000ಕ್ಕೆ ಕೊಟ್ಟರು.

ಅಂದು ರಾತ್ರಿ ಹನ್ನೊಂದರ ಮೇಲೆ ಫ್ಯಾನ್ ನಿಲ್ಲಿಸಿ, ಅಂಟಾರ್ಕ್ಟಿಕದ ನೀಲಿ ತಿಮಿಂಗಿಲದ ಮುದ್ರಣ ಹಾಕಿದೆ. ವಿಜ್ಞಾನಿಗಳು ಇದನ್ನು ಕೇಳುವುದಕ್ಕಿಂತ ಹೆಚ್ಚಾಗಿ ನೋಡುತ್ತಾರೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ. ಆ ಚಿತ್ರಕ್ಕೆ ಸ್ಪೆಕ್ಟ್ರೋಗ್ರಾಮ್ ಎಂದು ಹೆಸರು. ಈ ತಿಮಿಂಗಿಲದ ಕೂಗು ಅದರಲ್ಲಿ ಇಂಗ್ಲಿಷಿನ ಝಡ್ ಅಕ್ಷರದಂತೆ ಕಾಣುತ್ತದೆ. ಸುಮಾರು 26 ಹರ್ಟ್ಸ್‌ನಲ್ಲಿ ನೇರ ಎಳೆ, ಸರ್ರನೆ ಇಳಿತ, ಮತ್ತೆ 19ರ ಬಳಿ ಇನ್ನೊಂದು ಎಳೆ. ಒಂದು ಕೂಗಿಗೆ 20 ಸೆಕೆಂಡು, ನಿಮಿಷಕ್ಕೆ ಒಂದರಂತೆ.

ಮಗಳು ತೆರೆಯ ಮೇಲೆ ಝಡ್ ಮೂಡುವುದನ್ನೇ ನೋಡುತ್ತ, “ಏನೂ ಕೇಳಿಸುತ್ತಿಲ್ಲ ಅಪ್ಪಾ” ಎಂದಳು. ಎರಡನೆಯ ಕೂಗೂ ಹೋಯಿತು. ಶಬ್ದ ಏರಿಸಲು ಕೈಚಾಚಿದವನು ತಡೆದು ಅವಳ ಮುಖ ನೋಡಿದೆ. ಕನ್ನಡಕ. ಅದರ ಕಡ್ಡಿ ಕಿವಿಯ ಹಿಂದೆ ಪ್ಯಾಡನ್ನು ಒಂದು ಎಳ್ಳುಕಾಳಿನಷ್ಟು ಎತ್ತಿ ಹಿಡಿದಿತ್ತು. ಅಷ್ಟು ಸಂದು ಸಾಕು, ಕೆಳಗಿನ ಸ್ವರವೆಲ್ಲ ಸೋರಿಹೋಗುತ್ತದೆ. ಕನ್ನಡಕವನ್ನು ತೆಗೆದು, ಪ್ಯಾಡಿನ ಕೆಳಗೆ ಸಿಕ್ಕಿದ್ದ ಕೂದಲನ್ನು ಹಿಂದಕ್ಕೆ ಸರಿಸಿ ಕೂರಿಸಿದೆ. ಮೂರನೆಯ ಕೂಗು ಬಂದಾಗ ಅವಳು ಉಸಿರು ಬಿಗಿಹಿಡಿದಳು. ಕನ್ನಡಕವಿಲ್ಲದೆ ಅವಳಿಗೆ ತೆರೆ ಮಸುಕು, ಆದರೂ ಸ್ವರ ಇಳಿಯುವ ಹೊತ್ತಿಗೆ ಸರಿಯಾಗಿ ಅವಳ ಕೈ ಗಾಳಿಯಲ್ಲಿ ಓರೆಯಾಗಿ ಇಳಿಯಿತು. ಕನ್ನಡಕ ಹಾಕುವವರೆಲ್ಲ ಇದನ್ನು ನೆನಪಿಡಬೇಕು. ಈ ಹೆಡ್‌ಫೋನಿನ ಅರ್ಧ ಶಕ್ತಿ ಅದರ ಪ್ಯಾಡು ಕೆನ್ನೆಗೆ ಕೂರುವುದರಲ್ಲಿದೆ.

ಆ ಕೂಗನ್ನು ಕೇಳುವಾಗ ನನಗೆ ತಡೆಯಲಾಗದ ಸಂಕಟವೂ ಆಯಿತು. 20ನೆಯ ಶತಮಾನದಲ್ಲಿ ಅಂಟಾರ್ಕ್ಟಿಕ ಸಮುದ್ರಗಳಲ್ಲಿ 3 ಲಕ್ಷಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳನ್ನು ಎಣ್ಣೆಗಾಗಿ ಕೊಂದರು. 1966ರಲ್ಲಿ ರಕ್ಷಣೆ ಸಿಗುವ ಹೊತ್ತಿಗೆ ಹುಡುಕಿದರೂ ಸಿಗದಷ್ಟು ಉಳಿದಿದ್ದವು. 2013ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅವುಗಳನ್ನು ಹುಡುಕಿದ್ದು ಕಿವಿಯಿಂದಲೇ. ನೀರೊಳಗಿನ ಮೈಕ್ ಇಳಿಬಿಟ್ಟ ತೇಲುಬುರುಡೆಗಳನ್ನು ಸಮುದ್ರಕ್ಕೆ ಹಾಕಿ, ನೂರಾರು ಕಿಲೋಮೀಟರ್ ದೂರದ ದನಿಯ ದಿಕ್ಕು ಹಿಡಿದು, ಹಡಗನ್ನು ಅತ್ತ ನಡೆಸಿದರು.

ನಮ್ಮ ಕಡಲಿನ ದನಿಯ ಕಥೆ ಬೇರೆ. ಸಾಗರ ವಿಜ್ಞಾನಿ ದಿವ್ಯಾ ಪಣಿಕ್ಕರ್ ಅವರು ಲಕ್ಷದ್ವೀಪದ ಕವರತ್ತಿಯ ಬಳಿ ನೀರೊಳಗೆ ರೆಕಾರ್ಡರ್ ಇಟ್ಟು ನೀಲಿ ತಿಮಿಂಗಿಲದ ಹಾಡನ್ನು ಹಿಡಿದರು. ಭಾರತದ ನೀರಿನಲ್ಲಿ ಅದು ಮೊದಲ ಮುದ್ರಣ, 2021ರಲ್ಲಿ ಪ್ರಕಟವಾಯಿತು. ಶ್ರೀಲಂಕಾದ ಸುತ್ತ ಕೇಳುವ ಹಾಡೇ ಅದು. ಅದರ ಕೊನೆಯ ಭಾಗ 100 ಹರ್ಟ್ಸ್ ಸುಮಾರಿನಲ್ಲಿ ಅರ್ಧ ನಿಮಿಷದಷ್ಟು ಎಳೆಯುವ ಒಂದೇ ಸ್ವರ. ಇದಕ್ಕೆ ಕಿವಿಯೂ ಸಾಕು, ಸಾಧಾರಣ ಹೆಡ್‌ಫೋನೂ ಸಾಕು. ಆದರೆ 100 ಹರ್ಟ್ಸ್ ಎಂದರೆ ನಮ್ಮ ವಿದ್ಯುತ್ತಿನ 50ರ ದುಪ್ಪಟ್ಟು, ರಸ್ತೆಬದಿಯ ಟ್ರಾನ್ಸ್‌ಫಾರ್ಮರ್ ಗುನುಗುವ ಸ್ವರ. ಸ್ಟುಡಿಯೋದಲ್ಲಿ ಅದನ್ನು ಹಮ್ ಎನ್ನುತ್ತೇವೆ, ಕಂಡಲ್ಲಿ ಅಳಿಸುತ್ತೇವೆ. ಮೊದಲ ಸಲ ಈ ಹಾಡು ಕೇಳಿದಾಗ ನನ್ನ ಬೆರಳು ತಾನಾಗಿ ಫಿಲ್ಟರ್ ಕಡೆಗೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ನೀವು ಕೇಳುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಡಿ. ಇಲ್ಲದಿದ್ದರೆ ತಿಮಿಂಗಿಲ ನಿಂತ ಮೇಲೂ ಹಮ್ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ ಹೆಡ್‌ಫೋನ್ ಕೊಳ್ಳುವವರಿಗೆ ನೇರವಾಗಿ ಸಂಬಂಧಿಸಿದ್ದು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ನೀಲಿ ತಿಮಿಂಗಿಲಗಳ ಸ್ವರ 22 ಹರ್ಟ್ಸ್ ಹತ್ತಿರವಿತ್ತು. ಅದು ವರ್ಷವರ್ಷವೂ ಇಳಿಯುತ್ತ 16ಕ್ಕೂ ಕೆಳಗೆ ಬಂದಿದೆ. ಮೆಕ್‌ಡೊನಾಲ್ಡ್, ಹಿಲ್ಡೆಬ್ರಾಂಡ್, ಮೆಸ್ನಿಕ್ ಎಂಬ ಮೂವರು ವಿಜ್ಞಾನಿಗಳು 2009ರಲ್ಲಿ, ಜಗತ್ತಿನ ಬೇರೆ ಬೇರೆ ಸಮುದ್ರಗಳಲ್ಲೂ ಹೀಗೇ ಆಗುತ್ತಿದೆ ಎಂದು ತೋರಿಸಿದರು. ಕಾರಣದ ಬಗ್ಗೆ ಒಮ್ಮತವಿಲ್ಲ. 20ಕ್ಕೆ ನಿಲ್ಲುವ ಹೆಡ್‌ಫೋನ್ ಅಂದಿನ ತಿಮಿಂಗಿಲಕ್ಕೆ ಸಾಕಾಗುತ್ತಿತ್ತು, ಇಂದಿನದಕ್ಕೆ ಸಾಲದು.

ಕೊರತೆಗಳೂ ಇವೆ. ಪ್ಯಾಡಿನ ಹೊದಿಕೆ ಚರ್ಮವಲ್ಲ, ರೆಕ್ಸಿನ್. ಮುಂಬಯಿಯ ಸೆಕೆಗೆ ಮೂರನೆಯ ತಿಂಗಳಲ್ಲೇ ಎಡಗಡೆಯದು ಕರಿ ಹೊಟ್ಟಿನಂತೆ ಉದುರತೊಡಗಿತು. ಉದುರಿದ ಜಾಗದಲ್ಲಿ ಗಾಳಿ ಸೋರಿ 20 ಹರ್ಟ್ಸ್ ಮಾಯವಾಯಿತು. ಸೇವಾ ಕೇಂದ್ರದವರು “ಪ್ಯಾಡಿಗೆ ವಾರಂಟಿ ಇಲ್ಲ” ಎಂದು ಕೈಚೆಲ್ಲಿದರು. ಕೆಳಸ್ವರಕ್ಕೆಂದೇ ಮಾರುವ ವಸ್ತುವಿನಲ್ಲಿ ಕೆಳಸ್ವರವನ್ನು ಹಿಡಿದಿಡುವ ಭಾಗಕ್ಕೇ ವಾರಂಟಿ ಇಲ್ಲವೆನ್ನುವುದು ಅನ್ಯಾಯ. ಕೊನೆಗೆ ಅದೇ ಅಂಗಡಿಯಿಂದ ₹450ಕ್ಕೆ ಬೇರೆ ಪ್ಯಾಡು ತಂದು ಹಾಕಿಕೊಂಡೆ. ಕೇಬಲ್ ಮೂರು ಮೀಟರ್, ಲೋಕಲ್ ಟ್ರೈನಿಗೆ ಹೊಂದದು. ಮತ್ತೊಂದು ಎಚ್ಚರಿಕೆ: ಕೇಳಿಸುತ್ತಿಲ್ಲವೆಂದು ಶಬ್ದ ಏರಿಸುತ್ತ ಹೋಗಬೇಡಿ. ಕೇಳದ ಸ್ವರಕ್ಕೂ ಪೊರೆ ಹರಿಯುತ್ತದೆ, ಕಿವಿಗೂ ಪೆಟ್ಟಾಗುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಪ್ಯಾಡಿನದು.

ಪ್ಯಾಡು ತರಲು ಹೋದ ದಿನ ಮಗಳೂ ಬಂದಿದ್ದಳು. ಪಕ್ಕದ ಅಂಗಡಿಯಲ್ಲಿ ನಡುಕವನ್ನು ವಿದ್ಯುತ್ತಾಗಿಸುವ ಪೀಜೋ ಬಿಲ್ಲೆಗಳನ್ನು ಕಂಡು, ಅದಕ್ಕೆ ತಂತಿ ಬೆಸೆದು ನೀರು ಹೋಗದಂತೆ ಮುಚ್ಚಿದರೆ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್, ಆಗುತ್ತದಲ್ಲವೇ ಎಂದಳು. ಆಗುತ್ತದೆ. ಎರಡು ಬಿಲ್ಲೆ ಕೊಂಡೆವು, ಬೆಸುಗೆ ಅವಳೇ ಹಾಕಿದಳು. ಪರೀಕ್ಷೆ ಮುಗಿದ ಮೇಲೆ ಊರಿಗೆ ಹೋಗಿ, ಬೇಲೆಕೇರಿಯಲ್ಲಿ ಅವಳ ಸೋದರಮಾವನ ದೋಣಿಯಿಂದ ಅದನ್ನು ನೀರಿಗಿಳಿಸುವುದೆಂದು ಮಾತಾಗಿದೆ. ದಡದ ಹತ್ತಿರ ನೀಲಿ ತಿಮಿಂಗಿಲ ಕೇಳಿಸಲಿಕ್ಕಿಲ್ಲ, ಅದನ್ನು ಅವಳಿಗೆ ಹೇಳಿದ್ದೇನೆ. ಸಿಗಡಿಗಳು ಕೊಂಡಿ ಚಿಟಕಿಸುವ ಸದ್ದು ಸಿಗುತ್ತದೆ, ದೂರದ ಟ್ರಾಲರಿನ ಎಂಜಿನ್ ಸಿಗುತ್ತದೆ. ಕನ್ನಡಕದ ಡಬ್ಬಿಯನ್ನು ಈಗಲೇ ಚೀಲಕ್ಕೆ ಹಾಕಿಟ್ಟುಕೊಂಡಿದ್ದಾಳೆ.