ಕೈಯಲ್ಲೇ ಮಾಡಿದ ಮದುವೆ ಪತ್ರಿಕೆ: ಅಡಿಕೆ ಹಾಳೆ, ರದ್ದಿ ಕಾಗದ, ಹತ್ತಿ ಕಾಗದ

ತಂಗಿಯ ಮದುವೆ ಮಾರ್ಗಶಿರದಲ್ಲಿತ್ತು. ಪತ್ರಿಕೆ ನಾವೇ ಮಾಡೋಣ ಅಂತ ಹೊರಟಿದ್ದು ನವರಾತ್ರಿ ಹೊತ್ತಿಗೆ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಇಲ್ಲಿನ ದೀವರ ಸಮುದಾಯದ ಮನೆಗಳಲ್ಲಿ ಅದು ಭೂಮಿ ಹುಣ್ಣಿಮೆ ಪೂಜೆಗೆ ಹೊಲಕ್ಕೆ ಒಯ್ಯುವ ಬುಟ್ಟಿ ಬರೆಯುವ ಕಾಲ. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ದೊಡ್ಡಮ್ಮ ಪುಂಡಿ ನಾರಿನ ಕುಂಚ ಹಿಡಿದು ಕೂತಿದ್ದರು. ಮದುವೆಗೆ ಹೇಗೂ ಹಸೆಗೋಡೆ (ಮದುಮಕ್ಕಳು ಕೂರುವ ಕಡೆಯ ಗೋಡೆ ಚಿತ್ತಾರ) ಬರೆಯಲೇಬೇಕು, ಅದೇ ಚಿತ್ತಾರ ಪತ್ರಿಕೆ ಮೇಲೂ ಬರಲಿ ಅಂದಳು ತಂಗಿ. ಬೇಕಿದ್ದದ್ದು 120. ವಾಟ್ಸಾಪ್‌ನಲ್ಲಿ ಎಲ್ಲರಿಗೂ ಹೋಗುತ್ತದೆ, ನಿಜ. ಆದರೆ ಮನೆಗೇ ಹೋಗಿ ಕುಂಕುಮ ಇಟ್ಟು ಕರೆಯುವಾಗ ಕೈಗೆ ಕೊಡಲು ಒಂದು ಪತ್ರಿಕೆ ಬೇಕಲ್ವಾ?

ಮಾಡಿ ನೋಡಿದ ಎಲ್ಲದಕ್ಕೂ ಒಂದೇ ಪರೀಕ್ಷೆ ಇಟ್ಟೆವು. ನಾಲ್ಕು ಮೂಲೆಗೆ ಒದ್ದೆ ಅರಿಶಿನ ಹಚ್ಚುವುದು, ಆಮೇಲೆ ಹತ್ತು ದಿನ ಗೋಡೆಗೂಡಿನಲ್ಲಿ ಇಡುವುದು. ಅಷ್ಟು ತಡೆಯದ ಪತ್ರಿಕೆ ಮಲೆನಾಡಿನಲ್ಲಿ ಊರೂರು ಸುತ್ತಲಾರದು.

ಮೊದಲ ಆಸೆ ಅಡಿಕೆ ಹಾಳೆ. ತೋಟದಲ್ಲೇ ಬಿದ್ದಿರುತ್ತದೆ, ಖರ್ಚಿಲ್ಲ. ನೆನೆಹಾಕಿ, ತಿಕ್ಕಿ ತೊಳೆದು, ಬಟ್ಟೆಯ ನಡುವೆ ಇಟ್ಟು ಮೇಲೆ ಒರಳುಕಲ್ಲು ಹೇರಿದೆವು. ಎರಡು ದಿನ ನೆಟ್ಟಗಿತ್ತು. ಕಲ್ಲು ತೆಗೆದು ಬಿಸಿಲಿಗೆ ಇಟ್ಟಿದ್ದೇ ತಡ, ಮತ್ತೆ ದೋಣಿಯಂತೆ ಬಾಗಿತು. ಎಳೆಗಳಿಗೆ ಅಡ್ಡ ಮಡಿಚಿದರೆ ಲಟಕ್ಕನೆ ಸೀಳುತ್ತದೆ. ಗೂಡಿನಲ್ಲಿಟ್ಟ ಎಂಟನೇ ದಿನಕ್ಕೆ ಕಪ್ಪು ಬೂಸ್ಟು ಬಂತು. ಆಗ ಇನ್ನೊಂದು ಉಪಾಯ ಹೊಳೆಯಿತು. ಹಾಳೆ ತಟ್ಟೆ ಮಾಡುವ ಕಡೆ ಬಿಸಿ ಅಚ್ಚಿನಲ್ಲಿ ಒತ್ತುತ್ತಾರಲ್ಲ, ಅಲ್ಲಿಂದ 12 ಇಂಚಿನ ತಟ್ಟೆ ತಂದು ಅದರ ಚಪ್ಪಟೆ ತಳದಲ್ಲೇ 6 ಇಂಚು ಉದ್ದ, 4 ಇಂಚು ಅಗಲದ ಕಾರ್ಡ್ ಕತ್ತರಿಸಿದೆವು. ಇದು ಬಾಗಲೂ ಇಲ್ಲ, ಬೂಸ್ಟೂ ಬರಲಿಲ್ಲ. ನೋಡಲು ತುಂಬಾ ಚೆಂದ. ಆದರೆ ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರು, ಊರು, ಮುಹೂರ್ತ, ಊಟದ ಸಮಯ, ಬಸ್ಸಿನ ದಾರಿ ಎಲ್ಲ ಅಷ್ಟರಲ್ಲಿ ಹಿಡಿಸುವುದಿಲ್ಲ. ಗೀರು ಗೀರಾದ ಮೈ ಮೇಲೆ ಸಣ್ಣ ಅಕ್ಷರ ಒಡೆದೂ ಹೋಗುತ್ತದೆ. ಅರ್ಧ ಮನಸ್ಸಿನಿಂದಲೇ ಬಿಟ್ಟೆ.

ರದ್ದಿ ಕಾಗದದ ಕತೆ ಚಿಕ್ಕದು. ಹಳೆ ನೋಟ್‌ಬುಕ್ ಹರಿದು ನೆನೆಸಿ, ಮಿಕ್ಸಿಗೆ ಹಾಕಿ, ಸೊಳ್ಳೆ ಪರದೆ ಬಿಗಿದ ಚೌಕಟ್ಟಿನಲ್ಲಿ ಎತ್ತಿ ಒಣಗಿಸಿದೆವು. ಒಂದು ಭಾನುವಾರ ಪೂರ್ತಿ ಕೂತು ಆಗಿದ್ದು 14 ಶೀಟ್, ಅದೂ ಒಂದು ದಪ್ಪ ಒಂದು ತೆಳು. ಅರಿಶಿನದ ನೀರು ಬ್ಲಾಟಿಂಗ್ ಪೇಪರಿನಂತೆ ಹೀರಿಕೊಂಡು ಮೂಲೆಯಿಂದ ನಡುವಿನವರೆಗೆ ಹರಿಯಿತು. ಮಕ್ಕಳಿಗೆ ರಜೆಯಲ್ಲಿ ಮಾಡಿಸಲು ಒಳ್ಳೆಯದು. 120ಕ್ಕೆ ಬೇಡ.

ಕೊನೆಗೆ ನಿಂತಿದ್ದು ಹತ್ತಿ ಬಟ್ಟೆಯ ಚೂರಿನಿಂದ ಮಾಡುವ ಕೈಕಾಗದ, 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವ ದಪ್ಪ. ದೊಡ್ಡ ಶೀಟ್ 22 ಇಂಚು ಅಗಲ, 30 ಇಂಚು ಉದ್ದ ಇರುತ್ತದೆ. ಒಂದರಲ್ಲಿ 11 ಇಂಚು, ಏಳೂವರೆ ಇಂಚಿನ ಎಂಟು ತುಂಡು. ಅಂದರೆ 120ಕ್ಕೆ 15 ಶೀಟ್ ಸಾಕು, ನಾವು ಹಾಳಾಗುವುದಕ್ಕೆಂದು 18 ತಂದೆವು. ನಡುವೆ ಮಡಿಚುವ ಮೊದಲು ರೀಫಿಲ್ ಖಾಲಿಯಾದ ಪೆನ್ನಿನಿಂದ ಸ್ಕೇಲ್ ಇಟ್ಟು ಒತ್ತಿ ಗೆರೆ ಎಳೆಯಿರಿ. ಇಲ್ಲದಿದ್ದರೆ ಮಡಿಕೆ ಸೊಟ್ಟಗಾಗುತ್ತದೆ.

ಬಿಳಿ ಕಾಗದದ ಮೇಲೆ ಬಿಳಿ ಚಿತ್ತಾರ ಬರೆಯುವುದು ಹೇಗೆ? ಕೆಮ್ಮಣ್ಣು ಬಳಿದು ನೋಡಿದೆವು, ಮುಟ್ಟಿದರೆ ಕೈಗೆಲ್ಲ ಮೆತ್ತುತ್ತದೆ. ಅಷ್ಟರಲ್ಲಿ ಕೊಯ್ಲು ಶುರುವಾಗಿತ್ತು. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು, ಹಂಡೆಯಲ್ಲೇ ಇತ್ತು. ಹೆಗ್ಗೋಡಿನ ಕೈಮಗ್ಗದ ಸಹಕಾರ ಸಂಘ ಚರಕದವರು ಇದೇ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಾರೆ, ಕಾಗದಕ್ಕೇಕೆ ಆಗಬಾರದು ಅಂತ ಬಳಿದೆ. ಎಂಥ ಬಣ್ಣ ಗೊತ್ತಾ! ಕೆಮ್ಮಣ್ಣಿಗೆ ತೀರಾ ಹತ್ತಿರದ ಕೆಂಗಂದು. ಮೊದಲ ಸಲ ಹಳೇ ಕಬ್ಬಿಣದ ಬಕೆಟ್ಟಿನಲ್ಲಿ ತಂದಿದ್ದೆ, ಅದು ಕಪ್ಪಾಗಿ ಹೋಯಿತು. ಚೊಗರಿನ ಒಗರಿಗೆ ಕಬ್ಬಿಣ ಸೇರಿದರೆ ಹಾಗೇ. ಸ್ಟೀಲ್ ಅಥವಾ ಪ್ಲಾಸ್ಟಿಕ್ ಪಾತ್ರೆ ಬಳಸಿ. ಅದ್ದಬೇಡಿ, ಅಗಲ ಬ್ರಷ್‌ನಲ್ಲಿ ಹೊರಮೈಗೆ ಮಾತ್ರ ಬಳಿಯಿರಿ. ಅದೇ ಹೊತ್ತಿಗೆ ಒಳಮೈಗೆ ಬರೀ ನೀರು ಸವರಿದರೆ ಕಾಗದ ಸುರುಳಿ ಸುತ್ತುವುದಿಲ್ಲ. ಅರೆ ಒಣಗಿದಾಗ ಹಲಗೆ ಕೆಳಗೆ ಇಡಿ.

ಅಕ್ಷರಕ್ಕೆ ನಾಲ್ಕು ದಾರಿ ನೋಡಿದೆವು. ಕೈಬರಹ ನನಗೆ ತುಂಬಾ ಇಷ್ಟ. ಆದರೆ ಒಂದಕ್ಕೆ ಕಾಲು ಗಂಟೆ, 120ಕ್ಕೆ 30 ಗಂಟೆ. ರಾತ್ರಿ ಅಡಿಕೆ ಸುಲಿದು ಎದ್ದ ಮೇಲೆ ಬರೆಯಲು ಕೂತವಳು ಒಂಬತ್ತನೇ ಪತ್ರಿಕೆಯಲ್ಲಿ 11.40ರ ಮುಹೂರ್ತವನ್ನು 11.04 ಅಂತ ಬರೆದಿದ್ದೆ. ದೊಡ್ಡಮ್ಮ ನೋಡಿ, "ಚಿತ್ತಾರ ತಪ್ಪಿದ್ರೆ ತಿದ್ದಬಹುದು ಕಣೇ, ಮುಹೂರ್ತ ತಪ್ಪಿದ್ರೆ?" ಅಂದರು. ಅಲ್ಲಿಗೆ ಕೈಬರಹ ನಿಲ್ಲಿಸಿದೆ. ಲಿನೋಲಿಯಂ ಹಲಗೆಯಲ್ಲಿ ಅಚ್ಚು ಕೆತ್ತಿದೆ. ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೆತ್ತಬೇಕು. ದಪ್ಪ ಅಕ್ಷರದ "ಮದುವೆ" ಚೆನ್ನಾಗಿ ಬಂತು, ಒತ್ತಕ್ಷರಗಳು ಮಾತ್ರ ಉದುರಿದವು. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ದಪ್ಪ ಕಾಗದ ಸಿಕ್ಕಿಹಾಕಿಕೊಂಡಿತು. ಬಂದ ಎರಡೂ ಅರಿಶಿನದ ಒದ್ದೆಗೆ ನೀಲಿಯಾಗಿ ಕದಡಿದವು.

ಸ್ಕ್ರೀನ್ ಪ್ರಿಂಟಿಂಗ್ ಗೆದ್ದಿತು. ಶಿವಮೊಗ್ಗದ ಒಂದು ಪುಟ್ಟ ಪ್ರೆಸ್‌ನಲ್ಲಿ ಒಳಮೈಗೆ ಕಪ್ಪಕ್ಷರ ಹಾಕಿಸಿದೆವು. ಕೈಕಾಗದದ ಅಂಚು ಜುಬ್ಬು ಜುಬ್ಬಾಗಿರುವುದರಿಂದ ಎಲ್ಲಿ ಕೂರಿಸಬೇಕು ಅಂತ ಅಳತೆ ಸಿಗುವುದಿಲ್ಲ. ಹೊಂದಿಕೊಂಡ ಎರಡು ಬದಿಯನ್ನಾದರೂ ನೇರ ಕತ್ತರಿಸಿ ಕೊಡಿ. ಅರಿಶಿನಕ್ಕೆ ಈ ಅಕ್ಷರ ಒಂದಿಷ್ಟೂ ಜಗ್ಗಲಿಲ್ಲ. ಪೂರ್ತಿ ಕೈಯದ್ದೇ ಆಗಬೇಕು ಅಂತ ಹಟ ಹಿಡಿದವಳು ನಾನೇ. ಈಗ ಅನ್ನಿಸುವುದು, ಓದಿ ನಂಬಬೇಕಾದ ಅಕ್ಷರವನ್ನು ಅಚ್ಚಿಗೆ ಬಿಟ್ಟು, ಇದ್ದ ಕೈಬಲವನ್ನೆಲ್ಲ ಚಿತ್ತಾರಕ್ಕೆ ಸುರಿದಿದ್ದೇ ಸರಿ.

ಚಿತ್ತಾರದ ಬಿಳಿಗೂ ಮೂರು ಬಗೆ ನೋಡಿದೆವು. ಬರೀ ಅಕ್ಕಿ ಹಿಟ್ಟು ಗೋಡೆ ಮೇಲೆ ನಿಲ್ಲುತ್ತದೆ, ಕಾಗದ ಬಾಗಿದರೆ ಉದುರುತ್ತದೆ. ಗೋಂದು ಬೆರೆಸಿದರೆ ಪರವಾಗಿಲ್ಲ. ಬಿಳಿ ಅಕ್ರಿಲಿಕ್ ಇನ್ನೂ ಗಟ್ಟಿ, ಆದರೆ ಪುಂಡಿ ನಾರಿನಲ್ಲಿ ಬೇಗ ಒಣಗಿ ಕುಂಚ ಕೆಡುತ್ತದೆ. ನಾವು ಗೋಂದಿನ ಹಿಟ್ಟಿಗೇ ನಿಂತೆವು. ಗೆರೆ ಅಷ್ಟು ಬೆಳ್ಳಗಿಲ್ಲ, ಮಣ್ಣಿನ ಗೋಡೆಯ ಮೇಲಿನಂತೆ ಮೆತ್ತಗಿದೆ. ಭತ್ತದ ತೆನೆ ಮತ್ತು ದಂಡಿಗೆಯನ್ನು (ಪಲ್ಲಕ್ಕಿ) ದೊಡ್ಡಮ್ಮ ಬರೆದರು. ಸುತ್ತಿನ ಎಳೆ ನಾವು ಮೂವರು. ದಿನಕ್ಕೆ ಹತ್ತರಂತೆ ಹನ್ನೆರಡು ಸಂಜೆ.

ದೂರದವರಿಗೆ ಅಂಚೆಯಲ್ಲಿ ಕಳಿಸುವುದಾದರೆ ತೂಕ ನೋಡಿ. ಸಾದಾ ಅಂಚೆ ಪತ್ರದ ಮೊದಲ ತೂಕದ ಮಿತಿ 20 ಗ್ರಾಂ. ಪತ್ರಿಕೆ ಒಂದೇ ಸುಮಾರು 11 ಗ್ರಾಂ, ಅದೇ ಕಾಗದದ ಕವರ್ ಹಾಕಿದರೆ ಮಿತಿ ದಾಟುತ್ತದೆ. ನಾವು ತೆಳು ಕಾಗದದಲ್ಲಿ ಕವರ್ ಮಾಡಿದೆವು. ಎಲೆ ಅಡಿಕೆ ಹಾಕಿಕೊಂಡ ಕೈಯಲ್ಲಿ ಅರಿಶಿನ ಮುಟ್ಟಬೇಡಿ ಅಂತ ಮನೆಯವರಿಗೂ ಹೇಳಿ. ಬೆರಳಿಗಂಟಿದ ಸುಣ್ಣ ತಾಗಿದರೆ ಓಕುಳಿ ನೀರಿನ ಹಾಗೆ ಕೆಂಪಾಗುತ್ತದೆ, ನಮ್ಮ ನಾಲ್ಕು ಪತ್ರಿಕೆ ಹಾಗಾದವು.

ಖರ್ಚು ಅಂಗಡಿಯ ಸಾದಾ ಪತ್ರಿಕೆಗಿಂತ ಜಾಸ್ತಿಯೇ ಬಿತ್ತು. ಅಡಿಕೆ ಹಾಳೆಯ ಆಸೆ ನನಗಿನ್ನೂ ಹೋಗಿಲ್ಲ. ತಮ್ಮನ ಮದುವೆ ವೈಶಾಖದಲ್ಲಿ ಆಗುವ ಹಾಗಿದೆ. ಈ ಸಲ ಮಾಘದ ಬಿಸಿಲಲ್ಲೇ ಹಾಳೆ ಆರಿಸಿ ಒಣಗಿಸಿ ಅಟ್ಟಕ್ಕೆ ಹಾಕಿದ್ದೇನೆ.