ಹತ್ತು ವರ್ಷ ಸ್ವಂತ ಜಾಗದಲ್ಲಿ ಬರೆದ ಮೇಲೆ: ವರ್ಡ್‌ಪ್ರೆಸ್ ಬಗ್ಗೆ ಒಬ್ಬ ತೋಟದ ರೈಟರ್ ಅನುಭವ

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಸಂಜೆ ಕೆಲಸದ ಲೆಕ್ಕ, ವಾರಕ್ಕೊಮ್ಮೆ ಬಟವಾಡೆ. ಇದರ ಜೊತೆಗೆ ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯಬೇಕು. ಪೇಪರಿನಲ್ಲಿ ಮಿಲಿಮೀಟರ್ ಬಂದರೂ ನಮ್ಮ ತೋಟಗಳಲ್ಲಿ ಇನ್ನೂ ಇಂಚು, ಸೆಂಟ್ಸ್ ಲೆಕ್ಕವೇ. ನೂರು ಸೆಂಟ್ಸ್ ಅಂದರೆ ಒಂದು ಇಂಚು.

2015ರ ಜೂನ್‌ನಲ್ಲಿ ಆ ಪುಸ್ತಕದ ಜೊತೆಗೆ ಇನ್ನೊಂದು ಕಡೆ ಬರೆಯಲು ಶುರು ಮಾಡಿದೆ. ಅವತ್ತು ಏನು ಕಂಡೆ, ಯಾರು ಏನಂದರು, ಯಾವ ಮರ ಬಿತ್ತು, ಅಷ್ಟೇ. ಸ್ವಂತ ಡೊಮೇನ್ (ಸೈಟ್‌ನ ಹೆಸರು), ಬಾಡಿಗೆಯ ಹೋಸ್ಟಿಂಗ್ (ಸೈಟ್ ಇಡಲು ಸರ್ವರ್‌ನಲ್ಲಿ ಜಾಗ), ಅದರ ಮೇಲೆ ಸೈಟ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್. ಹತ್ತು ವರ್ಷ ದಾಟಿದೆ. ಸಾವಿರದ ಮುನ್ನೂರಕ್ಕೂ ಜಾಸ್ತಿ ಬರಹಗಳಿವೆ. ಒಂದು ತಿಂಗಳು ಬಳಸಿ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಇಷ್ಟು ದಿನ ಬಳಸಿದವರು ಏನಂತಾರೆ ಅಂತ ಹುಡುಕಿದಾಗ ಕನ್ನಡದಲ್ಲಿ ನನಗೆ ಏನೂ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ವರ್ಡ್‌ಪ್ರೆಸ್ ಹೆಸರಿನಲ್ಲಿ ಎರಡು ಇವೆ. ಡಾಟ್ ಕಾಮ್ ಅನ್ನುವುದು ಒಂದು ಕಂಪನಿಯ ಸೇವೆ. ಅಲ್ಲಿ ಖಾತೆ ತೆರೆದರೆ ಸಾಕು, ಉಳಿದದ್ದು ಅವರೇ ನೋಡಿಕೊಳ್ಳುತ್ತಾರೆ. ಡಾಟ್ ಆರ್ಗ್‌ನಲ್ಲಿ ಸಿಗುವುದು ತಂತ್ರಾಂಶ. ಅದನ್ನು ನಿಮ್ಮ ಜಾಗದಲ್ಲಿ ನೀವೇ ಹಾಕಿಕೊಳ್ಳಬೇಕು. ನಾನು ಬಳಸುವುದು ಈ ಎರಡನೆಯದನ್ನು. ಇದಕ್ಕೆ ದುಡ್ಡಿಲ್ಲ. ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಇದು ಹುಟ್ಟಿದ್ದೂ ಹಾಗೇ. ಬಿ2 ಅನ್ನುವ ಒಂದು ತಂತ್ರಾಂಶವನ್ನು ಮಾಡಿದವರು ಕೈಬಿಟ್ಟಿದ್ದರು. ಮ್ಯಾಟ್ ಮುಲೆನ್‌ವೆಗ್, ಮೈಕ್ ಲಿಟಲ್ ಇಬ್ಬರೂ ಅದೇ ಕೋಡ್ ಎತ್ತಿಕೊಂಡು ಮುಂದುವರಿಸಿ, 2003ರ ಮೇ 27ರಂದು ಮೊದಲ ಆವೃತ್ತಿ ಬಿಟ್ಟರು. ಲೈಸೆನ್ಸ್‌ನಲ್ಲಿ ಅದಕ್ಕೆ ಅವಕಾಶವಿತ್ತು. ಇವತ್ತು ಇದನ್ನು ನಡೆಸುವವರು ನಾಳೆ ಬೇರೆ ದಾರಿ ಹಿಡಿದರೂ ನನ್ನ ಬರಹ ಅವರ ಜೊತೆ ಮುಳುಗುವುದಿಲ್ಲ ಅನ್ನುವ ಧೈರ್ಯ ನನಗೆ ಬಂದಿದ್ದು ಇದರಿಂದಲೇ.

2015ಕ್ಕೂ ಮುಂಚೆ ಮೂರು ವರ್ಷ ಎಲ್ಲರೂ ಬರೆಯುವ ಒಂದು ಸೋಷಿಯಲ್ ಮೀಡಿಯಾದಲ್ಲೇ ಬರೆಯುತ್ತಿದ್ದೆ. ಲೈಕ್ ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ, ಖುಷಿಯೂ ಆಗುತ್ತಿತ್ತು. ಆದರೆ ಹೋದ ವರ್ಷದ್ದು ಬೇಕು ಅಂದರೆ ಸಿಗುತ್ತಿರಲಿಲ್ಲ. ಬೆರಳು ನೋಯುವಷ್ಟು ಕೆಳಗೆ ಎಳೆಯಬೇಕಿತ್ತು.

ಈಗ ಹಾಗಲ್ಲ. ಹೋದ ಏಪ್ರಿಲ್‌ನಲ್ಲಿ ನಮ್ಮ ಗೌಡರು ಲೈನ್ ಮನೆ ಹತ್ತಿರ ನಿಂತು ಕೇಳಿದರು: "ಅಲ್ಲ ರೈಟ್ರೇ, ಮೇಲಿನ ಬ್ಲಾಕಲ್ಲಿ ರೊಬಸ್ಟಾ ಹೂ ಅರಳಿದ ದಿನವೇ ಮಳೆ ಹೊಡೆದಿತ್ತಲ್ಲ, ಯಾವ ವರ್ಷ ಅದು?" ಮಳೆ ಪುಸ್ತಕದಲ್ಲಿ ಇಂಚು ಇರುತ್ತದೆ, ಹೂವಿನ ಕಥೆ ಇರುವುದಿಲ್ಲ. ರೊಬಸ್ಟಾ ತಳಿಯ ಕಾಫಿಗೆ ಬೇರೆ ಗಿಡದ ಪರಾಗ ಬೇಕು. ಗಾಳಿ, ಜೇನು ಅದನ್ನು ತರಬೇಕು. ಅರಳಿದ ದಿನ ಮಳೆ ಬಂದರೆ ಆ ಕೆಲಸ ಕೆಡುತ್ತದೆ. ಹಾಗಾಗಿ ಅವರಿಗೆ ಆ ವರ್ಷದ ಫಸಲಿನ ಜೊತೆ ತಾಳೆ ಹಾಕಿ ನೋಡಬೇಕಿತ್ತು. ಫೋನ್ ತೆಗೆದು ನನ್ನ ಸೈಟ್‌ನಲ್ಲಿ "ಹೂಮಳೆ" ಅಂತ ಹುಡುಕಿದೆ. ಅರ್ಧ ನಿಮಿಷದಲ್ಲಿ ಸಿಕ್ಕಿತು. 2018, ಮೇಲಿನ ಬ್ಲಾಕ್, ಮಧ್ಯಾಹ್ನ ಎರಡೂವರೆ ಅಂತ ಬರೆದಿದ್ದೆ. ಹೂವಿನ ಎಸಳುಗಳು ಅಂಟಂಟಾಗಿ ಎಲೆಗೆ ಮೆತ್ತಿಕೊಂಡಿದ್ದವು ಅಂತಲೂ ಇತ್ತು. ಗೌಡರು ಅಲ್ಲೇ ನಿಂತು ಪೂರ್ತಿ ಓದಿದರು.

ವರ್ಡ್‌ಪ್ರೆಸ್‌ನ ಹುಡುಕಾಟ ತುಂಬಾ ಸರಳ. ಪದದ ಅರ್ಥ ಅದಕ್ಕೆ ಗೊತ್ತಿಲ್ಲ, ಅಕ್ಷರ ಸರಣಿ ಎಲ್ಲಿದೆ ಅಂತ ಮಾತ್ರ ನೋಡುತ್ತದೆ. ಕನ್ನಡಕ್ಕೆ ಇದೇ ಅನುಕೂಲ. ನಮ್ಮಲ್ಲಿ ವಿಭಕ್ತಿ ಪದದ ಬಾಲಕ್ಕೆ ಅಂಟುತ್ತದೆ ಅಲ್ವಾ? "ತೋಟ" ಅಂತ ಹಾಕಿದರೆ ತೋಟದಲ್ಲಿ, ತೋಟಕ್ಕೆ, ತೋಟಗಳು ಎಲ್ಲವೂ ಬರುತ್ತವೆ.

ಇನ್ನು ಕನ್ನಡಕ್ಕೆ ತೊಂದರೆ ಕೊಡುವ ಜಾಗಗಳು. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಬರಹದ ವಿಳಾಸ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಬ್ರೌಸರ್ ಮೇಲೆ ನೋಡಲು ಚಂದ. ಆದರೆ ಒಳಗೆ ಒಂದೊಂದು ಕನ್ನಡ ಚಿಹ್ನೆಯೂ ಪರ್ಸೆಂಟ್ ಗುರುತು, ಇಂಗ್ಲಿಷ್ ಅಕ್ಷರ, ಅಂಕಿ ಸೇರಿ ಒಂಬತ್ತು ಗುರುತುಗಳಾಗುತ್ತದೆ. ಗುಣಿತದ ಚಿಹ್ನೆ, ಸೊನ್ನೆ, ಒತ್ತಿನ ಕೊಂಡಿ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. "ಮಳೆ" ಅನ್ನುವ ಎರಡಕ್ಷರಕ್ಕೆ ಇಪ್ಪತ್ತೇಳು ಗುರುತು! ವಿಳಾಸದಲ್ಲಿ ಶೀರ್ಷಿಕೆಯ ಭಾಗಕ್ಕೆ ಇರುವ ಜಾಗ 200 ಗುರುತು. ಅಂದರೆ ಸುಮಾರು 22 ಕನ್ನಡ ಚಿಹ್ನೆಗಳು, ಅಷ್ಟೇ. "ಮಳೆ ನಿಂತ ಮೇಲೆ ಕಂಬಳಿ ಒಣಗಿಸಿದ ದಿನ" ಅಂತ ಒಂದು ಬರಹಕ್ಕೆ ಹೆಸರಿಟ್ಟಿದ್ದೆ. ವಿಳಾಸ "ಒಣಗಿಸ" ಅನ್ನುವಲ್ಲಿಗೆ ತುಂಡಾಗಿ ನಿಂತಿತು. ಆ ಲಿಂಕನ್ನು ವಾಟ್ಸಾಪ್‌ನಲ್ಲಿ ಅಕ್ಕನಿಗೆ ಕಳಿಸಿದರೆ ಬರೀ ಪರ್ಸೆಂಟ್ ಗುರುತುಗಳ ಉದ್ದ ಸಾಲು ಹೋಯಿತು. ವೈರಸ್ ಇರಬಹುದು ಅಂತ ಅವಳು ಒತ್ತಲೇ ಇಲ್ಲ. ಅಲ್ಲಿಂದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ನಾನೇ ಚಿಕ್ಕದಾಗಿ ಬರೆದು ಹಾಕುತ್ತೇನೆ. ಕೆಲಸ ನಡೆಯುತ್ತದೆ, ಆದರೆ ಪ್ರತಿ ಸಲವೂ ಬೇಜಾರಾಗುತ್ತದೆ.

ಥೀಮ್‌ಗಳದ್ದು, ಅಂದರೆ ಸೈಟ್ ಹೇಗೆ ಕಾಣಬೇಕು ಅನ್ನುವ ಸಿದ್ಧ ವಿನ್ಯಾಸಗಳದ್ದು, ಇನ್ನೊಂದು ಕಥೆ. ಬಹಳಷ್ಟು ಥೀಮ್ ಮಾಡಿರುವುದು ಇಂಗ್ಲಿಷ್ ಅಕ್ಷರದ ಅಳತೆಗೆ. ಶೀರ್ಷಿಕೆಯ ಸಾಲುಗಳ ನಡುವೆ ಜಾಗ ಕಮ್ಮಿ ಇಡುತ್ತಾರೆ. "ರಾಷ್ಟ್ರ", "ವಸ್ತ್ರ" ಅಂತ ಬರೆದರೆ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಗೆ ತಾಗುತ್ತದೆ. ಸಾಲಿನ ಎತ್ತರ ಜಾಸ್ತಿ ಮಾಡಿ, ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿದ ಮೇಲೆ ಸರಿಹೋಯಿತು. ಓರೆ ಅಕ್ಷರ ಕನ್ನಡಕ್ಕೆ ಒಪ್ಪುವುದಿಲ್ಲ. ಅದನ್ನು ಪೂರ್ತಿ ತೆಗೆದುಹಾಕಿ.

2018ರ ಡಿಸೆಂಬರ್‌ನಲ್ಲಿ ಬರೆಯುವ ಜಾಗವನ್ನೇ ಬದಲಿಸಿದರು. ಪ್ರತಿ ಪ್ಯಾರಾ ಒಂದೊಂದು ಬ್ಲಾಕ್ ಆಯಿತು. ಚಿತ್ರ ಜೋಡಿಸುವವರಿಗೆ ಅದು ಒಳ್ಳೆಯದೇ. ನನ್ನಂತೆ ಬರೀ ಬರೆಯುವವರಿಗೆ ಭಾರ. ನಮ್ಮ ಕಡೆ ಮಳೆಗಾಲದಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದರೆ ಅದೇ ಪುಣ್ಯ. ಕ್ಲಾಸಿಕ್ ಎಡಿಟರ್ ಅನ್ನುವ ಪ್ಲಗಿನ್ (ಮೇಲಿಂದ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ಹಾಕಿಕೊಂಡು ಹಳೆಯ ರೀತಿಯಲ್ಲೇ ಬರೆಯುತ್ತಿದ್ದೇನೆ. ನಿಮಗೂ ಅದನ್ನೇ ಹೇಳುತ್ತೇನೆ.

ಹಿಂದಿನ ತಾರೀಖು ಹಾಕಿ ಪ್ರಕಟಿಸುವ ಸೌಲಭ್ಯ ಸಣ್ಣದು, ಆದರೆ ನನಗೆ ತುಂಬಾ ಬೆಲೆಯದ್ದು. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದು, ಚಾರ್ಮಾಡಿ ಘಾಟಿ ಬಂದ್ ಆದಾಗ ನಮಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, ಫೋನ್ ಇರಲಿಲ್ಲ. ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಹಾಜರಿ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದೆ. ಆಮೇಲೆ ಒಂದೊಂದನ್ನೂ ಅದರದರ ದಿನಕ್ಕೇ ಏರಿಸಿದೆ. ಈಗ ಯಾರು ತೆರೆದರೂ ಆ ದಿನಗಳು ಅದೇ ಕ್ರಮದಲ್ಲಿ ಸಿಗುತ್ತವೆ.

ಇನ್ನು ದೊಡ್ಡ ಪೆಟ್ಟಿನ ವಿಷಯ. 2021ರ ಮಳೆಗಾಲದಲ್ಲಿ ನಾನು ಆಗ ಬಾಡಿಗೆಗಿದ್ದ ಹೋಸ್ಟಿಂಗ್ ಕಂಪನಿಯ ಸರ್ವರ್ ಕೆಟ್ಟಿತು. ದಿನಾ ಬ್ಯಾಕಪ್ ತೆಗೆಯುತ್ತೇವೆ ಅಂತ ಅವರೇ ಹೇಳಿದ್ದರು. ಮೂರು ದಿನ ಫೋನ್ ಮಾಡಿದ ಮೇಲೆ ಅವರು ಹಾಕಿಕೊಟ್ಟಿದ್ದು ನಾಲ್ಕು ತಿಂಗಳ ಹಳೆಯ ಪ್ರತಿ. ನನ್ನ ಹತ್ತಿರ ಇದ್ದದ್ದು ಅದಕ್ಕಿಂತ ಹಳೆಯದು. ಅರವತ್ತೊಂದು ಬರಹ ಹೋದವು. ಅದರಲ್ಲಿ ನಮ್ಮ ತಂದೆ ತೀರಿಕೊಂಡ ವಾರ ಬರೆದದ್ದೂ ಇತ್ತು. ಅದನ್ನು ಇನ್ನೊಂದು ಸಲ ಬರೆಯುವ ಶಕ್ತಿ ನನಗಿರಲಿಲ್ಲ.

ಹಾಸನದಲ್ಲಿ ನನ್ನ ಬರಹ ಓದುವ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಸೈಟ್ ಯಾಕೆ ತೆರೆಯುತ್ತಿಲ್ಲ ಅಂತ ಕೇಳಲು ಫೋನ್ ಮಾಡಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ರೈಟ್ರೇ, ಗಾಬರಿ ಆಗ್ಬೇಡಿ. ನಾನು ನಿಮ್ಮ ಸೈಟಿಗೆ ಬಂದು ಓದೋದೇ ಇಲ್ಲ. ಎಲ್ಲಾ ನನ್ನ ಫೀಡ್ ರೀಡರ್‌ಗೆ ಬಂದು ಕೂತಿರುತ್ತೆ. ನೋಡಿ ಹೇಳ್ತೀನಿ."

ಆರ್‌ಎಸ್‌ಎಸ್ ಫೀಡ್ ಅನ್ನುವುದನ್ನು ವರ್ಡ್‌ಪ್ರೆಸ್ ತಾನಾಗಿಯೇ ಮಾಡುತ್ತದೆ. ನೀವು ಏನೂ ಒತ್ತಬೇಕಾಗಿಲ್ಲ. ಸೈಟ್ ವಿಳಾಸದ ಕೊನೆಗೆ ಇಂಗ್ಲಿಷ್‌ನಲ್ಲಿ "/feed" ಅಂತ ಸೇರಿಸಿದರೆ ಇತ್ತೀಚಿನ ಹತ್ತು ಬರಹ ಅಲ್ಲಿರುತ್ತವೆ. ಓದುಗರ ಆಪ್ ಆಗಾಗ ಬಂದು ಹೊಸದನ್ನು ಒಯ್ದು ತನ್ನಲ್ಲಿ ಇಟ್ಟುಕೊಳ್ಳುತ್ತದೆ. 2013ರ ಜುಲೈ 1ರಂದು ಗೂಗಲ್ ತನ್ನ ರೀಡರ್ ಮುಚ್ಚಿದಾಗ ಫೀಡ್ ಕಾಲ ಮುಗಿಯಿತು ಅಂದವರು ಬಹಳ. ಮೇಷ್ಟ್ರು ಬೇರೆ ಆಪ್‌ಗೆ ಹೋಗಿ ಓದುತ್ತಲೇ ಇದ್ದರು. ಮತ್ತೆ ನಾನು ಮೊದಲ ದಿನವೇ, ಅದರ ಬೆಲೆ ಗೊತ್ತಿಲ್ಲದೆ, ರೀಡಿಂಗ್ ಸೆಟ್ಟಿಂಗ್‌ನಲ್ಲಿ ಫೀಡ್‌ಗೆ ಸಾರಾಂಶ ಬೇಡ, ಪೂರ್ತಿ ಬರಹ ಕೊಡು ಅಂತ ಇಟ್ಟಿದ್ದೆ. ಅರವತ್ತೊಂದರಲ್ಲಿ ಐವತ್ತೆಂಟು ಮೇಷ್ಟ್ರ ಹತ್ತಿರ ಇದ್ದವು. ತಂದೆಯವರದ್ದೂ ಇತ್ತು. ಎರಡು ರಾತ್ರಿ ಕೂತು ಒಂದೊಂದನ್ನೇ ನಕಲು ಮಾಡಿ ಕಳಿಸಿದರು. ಉಳಿದ ಮೂರರಲ್ಲಿ ಒಂದು, ಹಳೆಯ ವೆಬ್ ಪುಟಗಳ ಪ್ರತಿ ಇಟ್ಟುಕೊಳ್ಳುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಸಿಕ್ಕಿತು.

ಫೋಟೋಗಳು ಮಾತ್ರ ಬರಲಿಲ್ಲ. ಫೀಡ್‌ನಲ್ಲಿ ಇರುವುದು ಫೋಟೋದ ವಿಳಾಸ, ಫೋಟೋ ಅಲ್ಲ. ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಕೂಡ ಹಾಗೇ, ಇದನ್ನು ಎಷ್ಟೋ ಜನ ಗಮನಿಸುವುದಿಲ್ಲ. ಟೂಲ್ಸ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಬರುವ ಫೈಲ್‌ನಲ್ಲಿ ಬರಹ, ಕಾಮೆಂಟ್, ತಾರೀಖು ಎಲ್ಲಾ ಇರುತ್ತದೆ, ಚಿತ್ರ ಇರುವುದಿಲ್ಲ. ಅಪ್‌ಲೋಡ್ಸ್ ಅನ್ನುವ ಫೋಲ್ಡರನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಈಗ ತಿಂಗಳ ಮೊದಲ ಭಾನುವಾರ ಎರಡನ್ನೂ ಪೆನ್ ಡ್ರೈವ್‌ಗೆ ಹಾಕುತ್ತೇನೆ. ಹೋಸ್ಟಿಂಗ್ ಬದಲಿಸಿದೆ. ಬದಲಿಸಲು ಒಂದು ಸಂಜೆ ಸಾಕಾಯಿತು. ಡೊಮೇನ್ ನನ್ನದೇ ಆದ್ದರಿಂದ ವಿಳಾಸ ಬದಲಾಗಲಿಲ್ಲ. ಓದುವವರಿಗೆ ಜಾಗ ಬದಲಾದದ್ದೇ ಗೊತ್ತಾಗಲಿಲ್ಲ.

ಖರ್ಚು ಕೇಳುವವರಿಗೆ: ಡೊಮೇನ್ ಮತ್ತು ಹೋಸ್ಟಿಂಗ್ ಸೇರಿ ನನಗೆ ವರ್ಷಕ್ಕೆ ಮೂರೂವರೆ ಸಾವಿರ ರೂಪಾಯಿಯ ಆಸುಪಾಸು. ಮೊದಲ ವರ್ಷ ಕಮ್ಮಿ ದುಡ್ಡು ತೋರಿಸಿ ಎರಡನೇ ವರ್ಷ ಏರಿಸುವುದು ಈ ವ್ಯಾಪಾರದಲ್ಲಿ ಮಾಮೂಲು. ರಿನ್ಯೂವಲ್ ದರ ಕೇಳಿಕೊಂಡೇ ಕಟ್ಟಿ. ಡೊಮೇನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇಟ್ಟುಕೊಳ್ಳಿ. ಅಪ್‌ಡೇಟ್ ಬಂದರೆ ಮುಂದೂಡಬೇಡಿ. ಜಗತ್ತಿನ 40 ಪರ್ಸೆಂಟ್‌ಗೂ ಹೆಚ್ಚು ಸೈಟ್‌ಗಳು ಇದರ ಮೇಲಿರುವುದರಿಂದ ಕಳ್ಳರ ಕಣ್ಣೂ ಇದರ ಮೇಲೇ. ಪ್ಲಗಿನ್ ಎಷ್ಟು ಕಮ್ಮಿ ಇದ್ದರೆ ಅಷ್ಟು ನೆಮ್ಮದಿ. ನನ್ನಲ್ಲಿರುವುದು ನಾಲ್ಕೇ.

ದಿನಕ್ಕೆ ಮೂವತ್ತು ನಲವತ್ತು ಜನ ಓದುತ್ತಾರೆ. ನನಗೆ ಅದು ತುಂಬಾ ಆಯಿತು. ಸುಮ್ನೆ ಹೇಳುತ್ತಿಲ್ಲ, ಕೊಪ್ಪ, ಸಕಲೇಶಪುರ ಕಡೆಯ ರೈಟರ್‌ಗಳು ತಮ್ಮ ತೋಟದ ಮಳೆ ಎಷ್ಟು ಅಂತ ಕಾಮೆಂಟ್‌ನಲ್ಲಿ ಹಾಕಿ ಹೋಗುತ್ತಾರೆ. ಅವರಲ್ಲಿ ಇಬ್ಬರ ಮುಖವನ್ನು ನಾನು ಇನ್ನೂ ನೋಡಿಲ್ಲ. ಜೂನ್‌ನಲ್ಲಿ ಆರಿದ್ರ ಮಳೆ ಹಿಡಿದರೆ ಅವರ ತೋಟದಲ್ಲಿ ಎಷ್ಟಾಯಿತೋ ಅಂತ ಬೆಳಿಗ್ಗೆ ಎದ್ದ ತಕ್ಷಣ ನೋಡುತ್ತೇನೆ.

ಕಳೆದ ತಿಂಗಳು ಮೇಷ್ಟ್ರೂ ಡೊಮೇನ್ ತೆಗೆದುಕೊಂಡರು. ವರ್ಡ್‌ಪ್ರೆಸ್ ಹಾಕಿಕೊಡಲು ನಾನೇ ಹಾಸನಕ್ಕೆ ಹೋಗಿದ್ದೆ. ಬರಹದ ವಿಳಾಸ ಇಂಗ್ಲಿಷ್‌ನಲ್ಲಿ ಇಡಿ ಮೇಷ್ಟ್ರೇ, ಕನ್ನಡದ್ದು ತುಂಡಾಗುತ್ತದೆ ಅಂದೆ. "ಎಷ್ಟರವರೆಗೆ ಹಿಡಿಸುತ್ತೆ ಅಂದ್ರಿ?" ಅಂತ ಕೇಳಿದರು. ಇಪ್ಪತ್ತೆರಡು ಅಂದೆ. ಒಂದು ಚೀಟಿ ತೆಗೆದು, ಗುಣಿತ, ಸೊನ್ನೆ ಬಿಡಿಸಿಕೊಂಡು ಎಣಿಸುತ್ತಾ ಕೂತರು. ಮೊದಲ ಬರಹಕ್ಕೆ "ಅರಸೀಕೆರೆ ತೆಂಗು" ಅಂತ ಹೆಸರಿಟ್ಟಿದ್ದಾರೆ. ಪೂರ್ತಿ ಹಿಡಿಸಿದೆ.