ಟಫ್ಟಿಂಗ್ ಗನ್, ಪಂಚ್ ನೀಡಲ್, ಲ್ಯಾಚ್ ಹುಕ್: ಮನೆಯಲ್ಲಿ ರಗ್ ಮಾಡಲು ಯಾವುದು?

ಮನೆಯಲ್ಲೇ ರಗ್ ಮಾಡಬೇಕು ಅಂತ ಹೊರಟವರು ಮೊದಲು ಹುಡುಕುವುದು ಟಫ್ಟಿಂಗ್ ಗನ್ ಬೆಲೆ. ರೀಲ್ಸ್‌ನಲ್ಲಿ ಕಾಣುವುದು ಅದೇ ಅಲ್ವಾ? ಕೈಯಲ್ಲಿ ಹಿಡಿದ ಯಂತ್ರ ಬಟ್ಟೆಗೆ ದಾರ ಚುಚ್ಚುತ್ತಾ ಸರ್ರನೆ ಓಡುತ್ತದೆ, ಆಚೆ ಬದಿಯಲ್ಲಿ ಬಣ್ಣ ತುಂಬುತ್ತಾ ಹೋಗುತ್ತದೆ. ಗನ್ ಅಲ್ಲದೆ ಇನ್ನೂ ಎರಡು ದಾರಿಗಳಿವೆ, ಕೈಯಲ್ಲೇ ಚುಚ್ಚುವ ಪಂಚ್ ನೀಡಲ್ ಮತ್ತು ಕೊಕ್ಕೆಯಿಂದ ಗಂಟು ಹಾಕುವ ಲ್ಯಾಚ್ ಹುಕ್. ಮಂಗಳೂರಿನ ನಮ್ಮ ಫ್ಲ್ಯಾಟ್‌ನಲ್ಲಿ ಮೂರನ್ನೂ ಮಾಡಿ ನೋಡಿದ್ದೇನೆ. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಅಕ್ಕಪಕ್ಕ, ಮೇಲೆ ಕೆಳಗೆ ಮನೆಗಳಿರುವವರು ಪಂಚ್ ನೀಡಲ್‌ನಿಂದ ಶುರು ಮಾಡಿ. ಗನ್ ಒಳ್ಳೆಯದೇ. ಆದರೆ ಅದು ಒಂದೇ ಬರುವುದಿಲ್ಲ, ತನ್ನ ಇಡೀ ಸಂಸಾರವನ್ನು ಕಟ್ಟಿಕೊಂಡು ಬರುತ್ತದೆ.

ಗನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಟ್ ಪೈಲ್ ಗನ್‌ನಲ್ಲಿ ಸೂಜಿಯ ಜೊತೆ ಒಂದು ಪುಟ್ಟ ಕತ್ತರಿ ಇರುತ್ತದೆ. ಸೂಜಿ ದಾರವನ್ನು ಬಟ್ಟೆಯಿಂದಾಚೆ ತಳ್ಳುತ್ತದೆ, ಕತ್ತರಿ ಅದನ್ನು ತುಂಡು ಮಾಡುತ್ತದೆ. ಹಾಗಾಗಿ ಮುಂಭಾಗ ಮೆತ್ತಗೆ, ಜೊಂಪೆಜೊಂಪೆಯಾಗಿ ಬರುತ್ತದೆ. ಲೂಪ್ ಗನ್‌ನಲ್ಲಿ ಕತ್ತರಿ ಇಲ್ಲ, ದಾರ ಕುಣಿಕೆಯಾಗಿಯೇ ಉಳಿಯುತ್ತದೆ. ಎಕೆ-1 ಎಂದು ಸಿಗುವುದು ಕಟ್ ಪೈಲ್‌ನದು. ಎಕೆ-ಡ್ಯುಯೋದಲ್ಲಿ ಎರಡೂ ಆಗುತ್ತದೆ. ಗಾಳಿಯ ಒತ್ತಡದಲ್ಲಿ ನಡೆಯುವ ದೊಡ್ಡ ಗನ್ನೂ ಇದೆ. ಅದಕ್ಕೆ ಕಂಪ್ರೆಸರ್ ಬೇಕು, ಮನೆಗೆ ಹೇಳಿದ್ದಲ್ಲ. ಉತ್ತರ ಪ್ರದೇಶದ ಭದೋಹಿ ಕಡೆಯಿಂದ ಹೊರದೇಶಕ್ಕೆ ಹೋಗುವ ಟಫ್ಟೆಡ್ ಕಾರ್ಪೆಟ್‌ಗಳನ್ನೂ ಕೈಯಲ್ಲಿ ಹಿಡಿಯುವ ಗನ್‌ನಲ್ಲೇ ಮಾಡುತ್ತಾರೆ. ಅಂದರೆ ಇದು ರೀಲ್ಸ್ ಜೊತೆ ಹುಟ್ಟಿದ ಕೆಲಸವೇನಲ್ಲ.

ಗನ್ ಹಿಡಿದಾಗ ಮೊದಲು ಗೊತ್ತಾಗುವುದು ಒತ್ತುವ ಲೆಕ್ಕ. ಗನ್‌ನ ಪಾದ ಬಟ್ಟೆಗೆ ಪೂರ್ತಿ ತಾಗಿರಬೇಕು. ಟ್ರಿಗರ್ ಒತ್ತಿದ ಮೇಲೆ ಅದು ತಾನೇ ಮೇಲಕ್ಕೆ ಏರುತ್ತದೆ, ನಾವು ಅದರ ಜೊತೆ ಹೋಗಬೇಕು. ಒತ್ತು ಸ್ವಲ್ಪ ಸಡಿಲವಾದರೂ ದಾರ ಬಟ್ಟೆಯಲ್ಲಿ ನಿಲ್ಲದೆ ಕೆಳಗೆ ಉದುರುತ್ತದೆ. ಸೂಜಿ ಒಳಗಿರುವಾಗಲೇ ಗನ್ ತಿರುಗಿಸಿದರೆ ಬಟ್ಟೆ ಹರಿಯುತ್ತದೆ. ನೇರ ಗೆರೆ ಸುಲಭ, ದೊಡ್ಡ ಜಾಗಕ್ಕೆ ಬಣ್ಣ ತುಂಬುವುದು ಇನ್ನೂ ಸುಲಭ. ಎರಡು ಅಡಿ ಚೌಕದ ರಗ್ಗಿಗೆ ಕೈ ಪಳಗಿದ ಮೇಲೆ ಒಂದು ಮಧ್ಯಾಹ್ನ ಸಾಕು. ಈ ವೇಗ ಬೇರೆ ಯಾವುದಕ್ಕೂ ಇಲ್ಲ.

ಈಗ ಸಂಸಾರದ ವಿಷಯ. ಗನ್‌ಗೇ ಸಾವಿರಾರು ರೂಪಾಯಿ ಆಗುತ್ತದೆ. ಅದರ ಮೇಲೆ ಫ್ರೇಮ್. ರೀಪರ್ ತಂದು ಕಾರ್ಪೆಂಟರ್ ಹತ್ತಿರ ಮಾಡಿಸಿದರೆ ಅಗ್ಗ, ಆದರೆ ತೆಳ್ಳಗಿನ ರೀಪರ್ ಬೇಡ. ಬಟ್ಟೆಯನ್ನು ತಮಟೆಯ ಹಾಗೆ ಬಿಗಿ ಎಳೆದು ಕಟ್ಟಬೇಕು. ಆ ಎಳೆತಕ್ಕೆ ತೆಳ್ಳಗಿನ ಮರ ಒಳಕ್ಕೆ ಬಾಗುತ್ತದೆ, ಬಟ್ಟೆ ಸಡಿಲವಾಗುತ್ತದೆ, ಗನ್ ಕೆಲಸ ಮಾಡುವುದಿಲ್ಲ. ಅಂಚಿಗೆ ಸುತ್ತಲೂ ಮೊಳೆ ಬೇಕು, ಮೊಳೆಯ ಮೊನೆ ಹೊರಕ್ಕೆ ವಾಲಿರಬೇಕು. ಇಡೀ ಫ್ರೇಮನ್ನು ಗಟ್ಟಿ ಟೇಬಲ್‌ಗೆ ಕ್ಲ್ಯಾಂಪ್ ಹಾಕಿ ನಿಲ್ಲಿಸಬೇಕು. ದಾರವೂ ಉಂಡೆಯಲ್ಲಿದ್ದರೆ ಸಾಲದು, ಕೋನ್‌ಗೆ ಸುತ್ತಿಕೊಳ್ಳಬೇಕು. ಉಂಡೆ ಒಂದು ಸಲ ಜಗ್ಗಿದರೆ ಸಾಕು, ಅಲ್ಲಿ ರಗ್ಗಿನಲ್ಲಿ ಖಾಲಿ ಜಾಗ ಉಳಿಯುತ್ತದೆ. ಆಮೇಲೆ ಮೆಷಿನ್ ಎಣ್ಣೆ, ಅಂಟು, ತುದಿ ಸಮ ಮಾಡಲು ಟ್ರಿಮ್ಮರ್, ಹಾರುವ ನೂಲಿನ ಧೂಳಿಗೆ ಮಾಸ್ಕ್. ಉದ್ದ ಕೂದಲು, ದುಪಟ್ಟಾ ಎರಡನ್ನೂ ಕಟ್ಟಿಕೊಂಡೇ ಕೂರಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಫ್ರೇಮಿನ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡೇ ಟ್ರಿಗರ್ ಒತ್ತಬೇಕು. ಸೂಜಿ ಹೊರಬರುವುದು ಆ ಕಡೆ.

ಸದ್ದಿನ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ. ಹೊಲಿಗೆ ಮೆಷಿನ್‌ಗಿಂತ ಜೋರು. ಟೇಬಲ್‌ನಿಂದ ನೆಲಕ್ಕೆ ಇಳಿದು ಕೆಳಗಿನ ಮನೆಗೆ ಕೇಳುತ್ತದೆ. ಕೆಳಗಿನ ಆಂಟಿ ಲಿಫ್ಟ್‌ನಲ್ಲಿ ಸಿಕ್ಕಾಗ, "ಎಂತ ಮಾರಾಯ್ತಿ, ಮನೆಯಲ್ಲಿ ಡ್ರಿಲ್ಲಿಂಗ್ ಇನ್ನೂ ಮುಗಿಲಿಲ್ವಾ?" ಅಂತ ಕೇಳಿದರು. ಅವರು ನಗುತ್ತಾ ಕೇಳಿದರು, ನಿಜ. ಎಲ್ಲರೂ ನಗುವುದಿಲ್ಲ.

ಪಂಚ್ ನೀಡಲ್‌ನಲ್ಲಿ ಈ ತಲೆನೋವುಗಳಲ್ಲಿ ಹೆಚ್ಚಿನವು ಇಲ್ಲ. ಹಿಡಿ ಇರುವ ಒಂದು ಪೊಳ್ಳು ಸೂಜಿ, ಅದರೊಳಗೆ ದಾರ. ಹಿಡಿ ಬಟ್ಟೆಗೆ ತಾಗುವವರೆಗೆ ಚುಚ್ಚಿ, ಮೇಲೆತ್ತಿ, ಸ್ವಲ್ಪ ಸರಿಸಿ ಮತ್ತೆ ಚುಚ್ಚುವುದು. ಹಿಡಿಯಿಂದ ಕೆಳಗೆ ಸೂಜಿ ಎಷ್ಟು ಉದ್ದವೋ ಕುಣಿಕೆಯ ಎತ್ತರ ಅದರಂತೆ. ಗುಟ್ಟು ಇರುವುದು ಮೇಲೆತ್ತುವುದರಲ್ಲಿ. ಸೂಜಿಯ ಮೊನೆ ಬಟ್ಟೆ ಬಿಟ್ಟು ಮೇಲೆ ಹಾರಬಾರದು, ಬಟ್ಟೆಯನ್ನು ಸವರಿಕೊಂಡೇ ಮುಂದಕ್ಕೆ ಹೋಗಬೇಕು. ಎತ್ತಿಬಿಟ್ಟರೆ ಹಿಂದಿನ ಕುಣಿಕೆ ಜಗ್ಗಿ ಗಿಡ್ಡವಾಗುತ್ತದೆ. ಸೂಜಿಯ ತೆರೆದ ಬದಿ ನಾವು ಹೋಗುವ ದಿಕ್ಕಿಗೆ ಇರಬೇಕು. ಇಷ್ಟು ಕೈಗೆ ಬಂದರೆ ಮಿಕ್ಕಿದ್ದು ಸುಮ್ನೆ ಅಭ್ಯಾಸ. ಟಿವಿ ನೋಡುತ್ತಾ, ಅಮ್ಮನ ಹತ್ತಿರ ಮಾತಾಡುತ್ತಾ ಮಾಡಬಹುದು. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಇದು ಸಣ್ಣ ವಿಷಯವಲ್ಲ.

ಕೊರತೆ ಎರಡು. ಒಂದು ನಿಧಾನ. ಗನ್ ಒಂದು ಮಧ್ಯಾಹ್ನದಲ್ಲಿ ಮುಗಿಸುವುದಕ್ಕೆ ಇಲ್ಲಿ ವಾರಗಳೇ ಬೇಕು. ಇನ್ನೊಂದು ಮಣಿಕಟ್ಟು ನೋವು, ಅದರಲ್ಲೂ ಬಟ್ಟೆ ಸಡಿಲ ಇದ್ದರೆ. ಕಸೂತಿಯ ದುಂಡನೆ ರಿಂಗು ಇದಕ್ಕೆ ಸಾಲದು. ಚಿಕ್ಕದಾದರೂ ಮೊಳೆ ಹೊಡೆದ ಫ್ರೇಮೇ ಬೇಕು. ಅಂಗಡಿಯಲ್ಲಿ ಕೇಳುವಾಗಲೂ ಹುಷಾರು. ಕಸೂತಿ ದಾರಕ್ಕೆಂದು ಬರುವ ಸಪೂರ ಪಂಚ್ ನೀಡಲ್ ಬೇರೆ, ದಪ್ಪ ಉಲ್ಲನ್ ಹಿಡಿಸುವ ಪಂಚ್ ನೀಡಲ್ ಬೇರೆ. ರಗ್ಗಿಗೆ ಬೇಕಾದದ್ದು ಎರಡನೆಯದು.

ಅಕ್ಷರ ಬರೆಯುವಲ್ಲಿ ಗನ್ ಮತ್ತು ಪಂಚ್ ನೀಡಲ್ ನಡುವಿನ ಅಂತರ ಚೆನ್ನಾಗಿ ಕಾಣುತ್ತದೆ. ಎರಡರಲ್ಲೂ ಹಿಂಬದಿಯಿಂದ ಕೆಲಸ, ಹಾಗಾಗಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದುಕೊಳ್ಳಬೇಕು. ಇಂಗ್ಲಿಷಿನ ಎಲ್, ಟಿ ಇವೆಲ್ಲ ಗನ್‌ಗೆ ಒಂದು ಎಳೆತ. ನಮ್ಮ ಅಕ್ಷರಗಳು ಹಾಗಲ್ಲ, ಸುತ್ತು ಜಾಸ್ತಿ. 'ಅ'ದ ಒಳಸುತ್ತನ್ನು ಗನ್‌ನಲ್ಲಿ ತರಬೇಕಾದರೆ ಅಕ್ಷರ ಮೊಳದುದ್ದ ಇರಬೇಕು, ಇಲ್ಲದಿದ್ದರೆ ಸುತ್ತು ಮುಚ್ಚಿ ಗುಡ್ಡೆಯಾಗುತ್ತದೆ. ತಲೆಕಟ್ಟು, ಒತ್ತಕ್ಷರ ಇದ್ದರಂತೂ ಮುಗಿಯಿತು. ಪಂಚ್ ನೀಡಲ್ ಒಂದೊಂದೇ ಕುಣಿಕೆ ಇಡುವುದರಿಂದ ಗೇಣು ಎತ್ತರದ ಅಕ್ಷರವೂ ಓದುವ ಹಾಗೆ ಬರುತ್ತದೆ. ಬಾಗಿಲ ಬಳಿ ಹಾಕಲು ಮನೆಯ ಹೆಸರಿನ ಪಟ್ಟಿ ಮಾಡುವವರು ಗನ್ ಯೋಚನೆ ಬಿಟ್ಟುಬಿಡಿ.

ಲ್ಯಾಚ್ ಹುಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡ ಕಣ್ಣಿನ ಗಟ್ಟಿ ಜಾಳಿಗೆಗೆ ತುಂಡು ತುಂಡು ದಾರವನ್ನು ಕೊಕ್ಕೆಯಿಂದ ಗಂಟು ಹಾಕುವುದು. ಫ್ರೇಮ್ ಬೇಡ, ಅಂಟು ಬೇಡ, ಮುಂಭಾಗದಿಂದಲೇ ಕೆಲಸ. ಶಾಲೆಗೆ ಹೋಗುವ ಮಕ್ಕಳೂ ಮಾಡಬಹುದು. ಆದರೆ ಜಾಳಿಗೆಯ ಚೌಕ ದೊಡ್ಡದು, ಚಿತ್ರ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ದಾರ ಕತ್ತರಿಸುವುದರಲ್ಲೇ ಅರ್ಧ ಉಸಿರು ಹೋಗುತ್ತದೆ. ನನಗೆ ಹಿಡಿಸಲಿಲ್ಲ.

ಬಟ್ಟೆಯ ವಿಷಯಕ್ಕೆ ಬರೋಣ, ಏಕೆಂದರೆ ದುಡ್ಡು ಉಳಿಸಲು ಹೋಗಿ ಜನ ಸೋಲುವುದು ಇಲ್ಲಿ. ಪುತ್ತೂರು, ಸುಳ್ಯದ ಕಡೆ ಅಡಿಕೆ ಗೋಣಿಗೆ ಬರವಿಲ್ಲ. ಅದನ್ನೇ ಬಿಚ್ಚಿ ಕಟ್ಟಿದರಾಯಿತು ಅನ್ನಿಸುತ್ತದೆ. ಪಂಚ್ ನೀಡಲ್‌ಗೆ ಒಳ್ಳೆಯ, ಒತ್ತಾಗಿ ನೇಯ್ದ ಗೋಣಿ ನಡೆಯುತ್ತದೆ. ಗನ್‌ಗೆ ನಡೆಯುವುದಿಲ್ಲ. ಸೂಜಿಯ ಹೊಡೆತಕ್ಕೆ ಸೆಣಬಿನ ಎಳೆ ಕಡಿದು ಒಂದು ಸಾಲು ಮುಗಿಯುವಷ್ಟರಲ್ಲಿ ಉದ್ದಕ್ಕೆ ಬಾಯಿ ಬಿಡುತ್ತದೆ. ಗನ್‌ಗೆ ಪಾಲಿಯೆಸ್ಟರ್ ಬೆರೆತ ಟಫ್ಟಿಂಗ್ ಬಟ್ಟೆಯೇ ಬೇಕು. ಪಂಚ್ ನೀಡಲ್‌ಗೆ ಎಲ್ಲಕ್ಕಿಂತ ಒಳ್ಳೆಯದು ಮಾಂಕ್ಸ್ ಕ್ಲಾತ್ ಅನ್ನುವ ಹತ್ತಿಯ ಬಟ್ಟೆ. ಅದರ ಎಳೆಗಳು ಕುಣಿಕೆಯನ್ನು ತಾವೇ ಬಿಗಿಯಾಗಿ ಹಿಡಿಯುತ್ತವೆ, ಅಂಟಿಲ್ಲದೆಯೂ ನಿಲ್ಲುತ್ತದೆ.

ಗನ್‌ನ ಕಟ್ ಪೈಲ್‌ಗೆ ಅಂಟಿಲ್ಲದೆ ಗತಿಯಿಲ್ಲ. ಬೆರಳಲ್ಲಿ ಎಳೆದರೆ ಬಂದುಬಿಡುತ್ತದೆ. ಹಿಂದೆ ಇದಕ್ಕೊಂದು ಚಂದದ ಉಪಾಯವಿತ್ತು. ಅಮೆರಿಕದ ಜಾರ್ಜಿಯಾದ ಡಾಲ್ಟನ್‌ನಲ್ಲಿ ಕ್ಯಾಥರೀನ್ ಇವಾನ್ಸ್ ಎಂಬ ಹುಡುಗಿ 1895ರಲ್ಲಿ ಕೈಯಲ್ಲೇ ಟಫ್ಟ್ ಮಾಡಿದ ಮಂಚದ ಹೊದಿಕೆ ಮಾಡಿದಳು. ದಾರ ಹೊಲಿದು, ಕುಣಿಕೆ ಕತ್ತರಿಸಿ, ಬಟ್ಟೆಯನ್ನು ಬಿಸಿನೀರಿನಲ್ಲಿ ತೊಳೆಯುವುದು. ಹತ್ತಿ ಬಟ್ಟೆ ಕುಗ್ಗಿ ದಾರವನ್ನು ಕಚ್ಚಿಕೊಳ್ಳುತ್ತಿತ್ತು. ಆ ಊರೇ ಮುಂದೆ ಅಮೆರಿಕದ ಕಾರ್ಪೆಟ್ ಉದ್ಯಮದ ಕೇಂದ್ರವಾಯಿತು. ಪಾಲಿಯೆಸ್ಟರ್ ಬೆರೆತ ಬಟ್ಟೆ ಹಾಗೆ ಕುಗ್ಗುವುದಿಲ್ಲ, ಅದಕ್ಕೇ ಅಂಟು.

ಅಂಟಿನಲ್ಲಿ ಎರಡನ್ನು ಹೋಲಿಸಿ ನೋಡಿದೆ. ಮರಗೆಲಸದ ಬಿಳಿ ಅಂಟು ಎಲ್ಲ ಕಡೆ ಸಿಗುತ್ತದೆ, ವಾಸನೆ ಇಲ್ಲ. ಆದರೆ ಒಣಗಿದ ಮೇಲೆ ರಗ್ಗು ಹಪ್ಪಳವಾಗುತ್ತದೆ, ಮಡಚಿದರೆ ಸೀಳು ಬಿಡುತ್ತದೆ. ಗೋಡೆಗೆ ತೂಗುಹಾಕಲು ಅಡ್ಡಿಯಿಲ್ಲ, ಕಾಲಡಿಗೆ ಬೇಡ. ರಬ್ಬರ್ ಹಾಲಿನಿಂದ ಮಾಡುವ ಲೇಟೆಕ್ಸ್ ಅಂಟು ಒಣಗಿದ ಮೇಲೂ ಬಾಗುತ್ತದೆ. ರಬ್ಬರ್ ಹಾಲು ಕೆಡದಿರಲು ಅಮೋನಿಯಾ ಹಾಕುತ್ತಾರೆ, ಡಬ್ಬ ತೆರೆದಾಗ ಮೂಗಿಗೆ ಹೊಡೆಯುವುದು ಅದೇ. ಕಿಟಕಿ ತೆಗೆದು, ಬಾಲ್ಕನಿಯಲ್ಲಿ ಹಚ್ಚಿ. ಜನವರಿಯಲ್ಲಿ ಮರುದಿನಕ್ಕೆ ಒಣಗಿದ್ದು, ಜುಲೈನಲ್ಲಿ ಫ್ಯಾನ್ ಹಾಕಿದರೂ ದಿನಗಟ್ಟಲೆ ಜಿಗುಟಾಗಿಯೇ ಇರುತ್ತದೆ. ಕರಾವಳಿಯವರು ಗನ್ ಕೆಲಸವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.

ದಾರದಲ್ಲಿ ಹೆಚ್ಚು ಯೋಚಿಸಬೇಡಿ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಕಲಿಯಲು ಅದೇ ಸಾಕು. ಬಣ್ಣ ಧಾರಾಳ, ಬೆಲೆ ಕಡಿಮೆ. ತುಳಿದು ತುಳಿದು ಬೇಗ ಚಪ್ಪಟೆಯಾಗುತ್ತದೆ, ಅಷ್ಟೇ. ನಿಜವಾದ ಉಣ್ಣೆ ತುಳಿದರೂ ಮತ್ತೆ ಎದ್ದು ನಿಲ್ಲುತ್ತದೆ, ಆದರೆ ದುಬಾರಿ. ನಮ್ಮ ಕಡೆಯ ತೇವದಲ್ಲಿ ಅದರಿಂದ ಒಂಥರಾ ವಾಸನೆಯೂ ಬರುತ್ತದೆ. ಹತ್ತಿ ದಾರ ನೆಲದ ರಗ್ಗಿಗೆ ಬೇಡ, ಕೊಳೆ ಕೂತರೆ ಹೋಗುವುದಿಲ್ಲ. ಎರಡು ಅಡಿ ಚೌಕಕ್ಕೆ ಮುಕ್ಕಾಲು ಕಿಲೋದಿಂದ ಒಂದು ಕಿಲೋ ಬೇಕಾಗುತ್ತದೆ. ಒಂದೇ ಬಣ್ಣವನ್ನು ಒಂದೇ ಸಲ ಕೊಳ್ಳಿ. ಮುಂದಿನ ಸಲದ ಅದೇ ನಂಬರಿನ ನೀಲಿ ಸ್ವಲ್ಪ ಬೇರೆ ಇರಬಹುದು, ನೆಲದ ಮೇಲೆ ಹಾಸಿದಾಗ ಅದು ಗೆರೆ ಎಳೆದಂತೆ ಕಾಣುತ್ತದೆ.

ಇಷ್ಟೆಲ್ಲ ಕೇಳಿಯೂ ಗನ್ನೇ ಬೇಕು ಅನ್ನುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ಟಫ್ಟಿಂಗ್ ಸ್ಟುಡಿಯೋಗಳಿವೆ. ಫ್ರೇಮ್, ಬಟ್ಟೆ, ದಾರ ಎಲ್ಲ ಅವರದೇ, ಅರ್ಧ ದಿನ ಕೂತು ಒಂದು ಚಿಕ್ಕ ರಗ್ ಮಾಡಿ ಬರಬಹುದು. ಅಲ್ಲಿ ಮಾಡಿದ ಮೇಲೂ ಕೈ ಹಂಬಲಿಸಿದರೆ ಕೊಂಡುಕೊಳ್ಳಿ. ಕೊಳ್ಳುವಾಗ ಬಿಡಿ ಕತ್ತರಿ, ಬಿಡಿ ಸೂಜಿ ಸಿಗುತ್ತದಾ ಅಂತ ಮೊದಲೇ ಕೇಳಿ. ಕತ್ತರಿ ಮೊಂಡಾದ ದಿನ ಗನ್ ದಾರವನ್ನು ಕತ್ತರಿಸದೆ ಜಗಿಯಲು ಶುರು ಮಾಡುತ್ತದೆ, ಬಿಡಿಭಾಗ ಸಿಗದಿದ್ದರೆ ಅದು ಶೋಕೇಸ್ ಸೇರುತ್ತದೆ.